ಅಡುಗೆ ಮಾಡಿದವರೂ ಕುಳಿತು ಉಣ್ಣಲಿ

ಓದಿ ಧ್ಯಾನಿಸಲು: ಲೂಕ 10:38-42, ಯೊವಾನ್ನ 21:9-13



ಸಂಜೆ ಏಳೂವರೆಯ ಹೊತ್ತು. ಬೆಂಗಳೂರಿನ ಅಂಚಿನ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಗಾರ್ಮೆಂಟ್ಸ್ ಕಾರ್ಖಾನೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ತಾಯಿ, ಕೈಚೀಲವನ್ನು ಮೂಲೆಗಿಟ್ಟವಳೇ ಅಡುಗೆಮನೆ ಸೇರಿದ್ದಾಳೆ. ಹೊರಗೆ ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ಮೇಣದಬತ್ತಿ ಹಚ್ಚಿ ಅಜ್ಜಿ ಮತ್ತು ಮಕ್ಕಳು ಜಪಸರ ಆರಂಭಿಸಿದ್ದಾರೆ. ಅಜ್ಜಿ ಹೇಳಿದ್ದಕ್ಕೆ ತಾಯಿಯ ಉತ್ತರ ಒಲೆಯ ಮುಂದಿನಿಂದ ಬರುತ್ತದೆ. ನಡುನಡುವೆ ಅವಳ ದನಿ ನಿಂತು ಹೋಗುತ್ತದೆ, ಒಗ್ಗರಣೆಯ ಸದ್ದು ಮಾತ್ರ ಕೇಳಿಸುತ್ತದೆ. ಒಂಬತ್ತು ಗಂಟೆಗೆ ಊಟ. ಟಿ.ವಿ. ನೋಡುತ್ತಾ ಎಲ್ಲರೂ ಉಣ್ಣುತ್ತಾರೆ, ಅವಳು ಬಡಿಸುತ್ತಾಳೆ. ಎಲ್ಲರೂ ಕೈತೊಳೆದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಸಾರಿಗೆ ಅನ್ನ ಕಲಸಿಕೊಂಡು, ಅಡುಗೆಕಟ್ಟೆಗೆ ಒರಗಿ ಒಬ್ಬಳೇ ನಾಲ್ಕು ತುತ್ತು ತಿನ್ನುತ್ತಾಳೆ.

ಈ ಮನೆ ಯಾವ ಧರ್ಮಕೇಂದ್ರಕ್ಕೆ ಸೇರಿದ್ದೆಂದು ಹುಡುಕಬೇಕಾಗಿಲ್ಲ. ಸ್ವಲ್ಪ ಹೆಚ್ಚುಕಡಿಮೆಯಾಗಿ ಇದು ನಮ್ಮ ಅನೇಕರ ಮನೆ. ಆ ತಾಯಿ ಶಾಲಾ ಶಿಕ್ಷಕಿಯಾಗಿರಬಹುದು, ನರ್ಸ್ ಆಗಿರಬಹುದು, ಕಾಫಿ ತೋಟದಲ್ಲಿ ದುಡಿದು ಬಂದವಳಾಗಿರಬಹುದು, ಇಡೀ ದಿನ ಮನೆಯಲ್ಲೇ ದುಡಿದವಳೂ ಆಗಿರಬಹುದು. ಅವಳು ಅನ್ನ ಕೊಟ್ಟಳು, ಪ್ರಾರ್ಥನೆಗೂ ದನಿ ಕೊಟ್ಟಳು. ಆದರೆ ಪ್ರಾರ್ಥನೆಯಲ್ಲೂ ಊಟದಲ್ಲೂ ಅವಳಿಗೆ ಕುಳಿತುಕೊಳ್ಳಲು ಜಾಗ ಸಿಗಲಿಲ್ಲ.

ಬೇಗನೆ ಆಗುವ, ಮೈಗೆ ಹಿತವಾದ ರಾತ್ರಿಯ ಅಡುಗೆಯ ಬಗ್ಗೆ ಇಂದು ಮಾತನಾಡೋಣ. ಇದು ಕೇವಲ ಸಮಯ ಉಳಿಸುವ ಉಪಾಯವಲ್ಲ. ಅಡುಗೆ ಮಾಡಿದವರೂ ಎಲ್ಲರೊಡನೆ ಕುಳಿತು ಪ್ರಾರ್ಥಿಸಿ, ಕುಳಿತು ಉಣ್ಣಲು ಸಾಧ್ಯವಾಗಬೇಕು ಎಂಬುದೇ ಈ ಪಾಠದ ಉದ್ದೇಶ.

ಮಾರ್ತಳಿಗೆ ಇದ್ದ ಎರಡು ಭಾರ

ಬೆಥಾನಿಯದ ಮಾರ್ತಳ ಕಥೆ ನಮಗೆ ಚೆನ್ನಾಗಿ ಗೊತ್ತು. ಆದರೆ ಅದನ್ನು ಕೇಳುವಾಗ ಅಡುಗೆ ಕೆಲಸ ಕೀಳು, ಪ್ರಾರ್ಥನೆ ಮೇಲು ಎಂದು ಅನೇಕರು ತಿಳಿದುಬಿಡುತ್ತಾರೆ. ಯೇಸುಸ್ವಾಮಿ ಮಾರ್ತಳ ಅಡುಗೆಯನ್ನು ತೆಗಳಲಿಲ್ಲ. ಅವಳ ಮನೆಗೆ ಅತಿಥಿಯಾಗಿಯೇ ಅವರು ಬಂದಿದ್ದರು. ಅವರು ಗಮನಿಸಿದ್ದು ಅವಳ ತಳಮಳವನ್ನು. ಹತ್ತಾರು ವಿಷಯಗಳನ್ನು ತಲೆಯ ಮೇಲೆ ಹೊತ್ತುಕೊಂಡು ಅವಳು ಕಳವಳಪಡುತ್ತಿದ್ದಳು.

ಮಾರ್ತಳ ದೂರನ್ನೂ ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಕೆಲಸವನ್ನೆಲ್ಲ ತನ್ನೊಬ್ಬಳಿಗೇ ಬಿಟ್ಟಿದ್ದಾರೆ ಎಂಬುದು ಅವಳ ನೋವು. ಹಾಗಾದರೆ ಅವಳಿಗೆ ಎರಡು ಭಾರಗಳಿದ್ದವು. ಮೊದಲನೆಯದು, ಕೆಲಸಗಳು ಹಲವು. ಎರಡನೆಯದು, ಮಾಡುವವಳು ಒಬ್ಬಳೇ. ಇಂದಿನ ಅಡುಗೆಮನೆಯಲ್ಲೂ ಇರುವುದು ಇವೇ ಎರಡು. ಆದ್ದರಿಂದ ಪರಿಹಾರವೂ ಎರಡು: ಹಲವನ್ನು ಕೆಲವು ಮಾಡುವುದು, ಒಬ್ಬರ ಕೆಲಸವನ್ನು ಎಲ್ಲರ ಕೆಲಸ ಮಾಡುವುದು.

ಧರ್ಮಸಭೆ ಬಹುಕಾಲ ಜುಲೈ 29ರಂದು ಸಂತ ಮಾರ್ತಳೊಬ್ಬಳನ್ನೇ ಸ್ಮರಿಸುತ್ತಿತ್ತು. 2021ರಲ್ಲಿ ವಿಶ್ವಗುರು ಫ್ರಾನ್ಸಿಸ್‌ರವರು ಆ ದಿನವನ್ನು ಮಾರ್ತ, ಮರಿಯ, ಲಾಸರ ಈ ಮೂವರ ಸ್ಮರಣೆಯ ದಿನವನ್ನಾಗಿ ಮಾಡಿದರು. ಈಗ ಆ ಮನೆಯವರೆಲ್ಲ ಒಂದೇ ದಿನ ಒಟ್ಟಾಗಿದ್ದಾರೆ. ನಮ್ಮ ಮನೆಯಲ್ಲೂ ಹಾಗೆಯೇ ಆಗಬಾರದೇಕೆ?

ಮೊದಲ ಪರಿಹಾರ: ಹಲವನ್ನು ಕೆಲವು ಮಾಡೋಣ

ಅನ್ನ, ಸಾರು, ಪಲ್ಯ, ಒಂದು ಹುರಿದದ್ದು, ಮೇಲೆ ಹಪ್ಪಳ ಇದ್ದರೇ ಊಟ ಎಂಬ ಭಾವನೆ ನಮ್ಮಲ್ಲಿದೆ. ಹಬ್ಬಕ್ಕೆ ಅದು ಸರಿ. ಕೆಲಸದ ದಿನದ ರಾತ್ರಿಗೆ ಮೂರು ಸಂಗತಿ ಸಾಕು: ಒಂದು ಧಾನ್ಯ, ಒಂದು ಬೇಳೆ, ಕಾಳು, ಮೊಟ್ಟೆ ಅಥವಾ ಮೀನು, ಧಾರಾಳವಾಗಿ ಸೊಪ್ಪು ಅಥವಾ ತರಕಾರಿ. ಈ ಮೂರೂ ಒಂದೇ ಪಾತ್ರೆಯಲ್ಲಿದ್ದರೂ ಊಟ ಪೂರ್ಣವೇ. ಅರಸನ ಮನೆಯ ಮೃಷ್ಟಾನ್ನವನ್ನು ಬಿಟ್ಟು ಹತ್ತು ದಿನ ಕಾಯಿಪಲ್ಯ ತಿಂದು ನೀರು ಕುಡಿದ ದಾನಿಯೇಲ ಮತ್ತು ಅವನ ಗೆಳೆಯರು ಉಳಿದವರಿಗಿಂತ ಪುಷ್ಟರಾಗಿ ಕಂಡರೆಂದು ದಾನಿಯೇಲನ ಗ್ರಂಥದ ಮೊದಲ ಅಧ್ಯಾಯ ಹೇಳುತ್ತದೆ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ನಮ್ಮ ಹಿರಿಯರು ಹೇಳಿದ್ದೂ ಇದೇ ಮಾತು.

ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ, ಸಂಜೆ ಒಂದು ಗಂಟೆಯನ್ನು ಮುಂದಿನ ವಾರಕ್ಕಾಗಿ ಕೊಡಿ. ಆ ಒಂದು ಗಂಟೆಯಲ್ಲಿ ಹೀಗೆ ಮಾಡಬಹುದು:

1. ಆರು ಈರುಳ್ಳಿ, ನಾಲ್ಕು ಟೊಮೆಟೊ, ಶುಂಠಿ, ಬೆಳ್ಳುಳ್ಳಿ ಹೆಚ್ಚಿ ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ. ನಾಲ್ಕು ಚಮಚ ಧನಿಯ ಪುಡಿ, ಎರಡು ಚಮಚ ಖಾರದ ಪುಡಿ, ಅರಿಸಿನ ಸೇರಿಸಿ, ಎಣ್ಣೆ ಬಿಡುವವರೆಗೆ ಹುರಿದು, ಆರಿದ ಮೇಲೆ ನುಣ್ಣಗೆ ರುಬ್ಬಿ ಗಾಜಿನ ಸೀಸೆಯಲ್ಲಿ ಫ್ರಿಜ್ಜಿನಲ್ಲಿಡಿ. ಒಣ ಚಮಚದಿಂದ ತೆಗೆದರೆ ನಾಲ್ಕೈದು ದಿನ ಕೆಡದು.

2. ಸೊಪ್ಪನ್ನು ಬಿಡಿಸಿ, ತೊಳೆಯದೆ, ಒಣಬಟ್ಟೆಯಲ್ಲಿ ಸುತ್ತಿಡಿ. ಬಳಸುವಾಗ ಮಾತ್ರ ಎರಡು ಮೂರು ನೀರಿನಲ್ಲಿ ತೊಳೆಯಿರಿ.

3. ವಾರದ ಐದು ದಿನದ ಅಡುಗೆಯನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಬಸ್ಸಿನಲ್ಲಿ ಕುಳಿತು 'ಇವತ್ತು ಏನು ಮಾಡಲಿ' ಎಂದು ಯೋಚಿಸುವ ದಣಿವೇ ಅರ್ಧ ದಣಿವು.

ಫ್ರಿಜ್ ಇಲ್ಲದ ಮನೆಯವರು ಮಸಾಲೆ ರುಬ್ಬಿಡುವುದು ಬೇಡ. ಸಾರಿನ ಪುಡಿ, ಹುರುಳಿ ಅಥವಾ ಕಡಲೆಕಾಯಿಯ ಚಟ್ನಿಪುಡಿ ಮಾಡಿಟ್ಟುಕೊಂಡು, ಸೊಪ್ಪನ್ನು ಆಯಾ ದಿನ ದಾರಿಯಲ್ಲಿ ಕೊಂಡರೆ ಸಾಕು.

ಐದು ಸಂಜೆಗಳಿಗೆ ಐದು ಅಡುಗೆ

ಕೆಳಗಿನ ಅಳತೆ ನಾಲ್ಕು ಜನರಿಗೆ. ಯಾವುದಕ್ಕೂ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಕಾಗದು.

ಸೋಮವಾರ, ಮಸ್ಸೊಪ್ಪು ಮತ್ತು ಮುದ್ದೆ: ಮುಕ್ಕಾಲು ಲೋಟ ತೊಗರಿಬೇಳೆ, ಎರಡು ಕಟ್ಟು ದಂಟು ಅಥವಾ ಪಾಲಕ್ ಸೊಪ್ಪು, ಎರಡು ಟೊಮೆಟೊ, ಒಂದು ಈರುಳ್ಳಿ, ನಾಲ್ಕು ಹಸಿಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿಯನ್ನು ಎರಡು ಲೋಟ ನೀರಿನೊಡನೆ ಕುಕ್ಕರಿನಲ್ಲಿಟ್ಟು ನಾಲ್ಕು ಸೀಟಿ ಕೂಗಿಸಿ. ಆಮೇಲೆ ನೀರನ್ನು ಬಸಿದಿಟ್ಟುಕೊಂಡು, ಬೆಂದದ್ದನ್ನು ಕಡೆಗೋಲಿನಿಂದ ಮಸೆದು, ಬಸಿದ ನೀರನ್ನೂ ಸ್ವಲ್ಪ ಹುಣಸೆರಸವನ್ನೂ ಉಪ್ಪನ್ನೂ ಸೇರಿಸಿ ಕುದಿಸಿ, ಸಾಸಿವೆ ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಮುದ್ದೆಗೆ ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನಮ್ಮ ಅಜ್ಜಿಯರಿಗೆ ರಾಗಿ ಪ್ರತಿದಿನದ ಅನ್ನವಾಗಿತ್ತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಅಕ್ಕಿಯಲ್ಲಿರುವುದು ಅದರ ಒಂದು ಸಣ್ಣ ಪಾಲು ಮಾತ್ರ. ಬೆಳೆಯುವ ಮಕ್ಕಳ ಎಲುಬಿಗೂ ವಯಸ್ಸಾದ ತಾಯಂದಿರ ಎಲುಬಿಗೂ ಇದು ಬೇಕು.

ಮಂಗಳವಾರ, ಗೋಧಿನುಚ್ಚಿನ ಕಿಚಡಿ: ಸಂತ ಅಂತೋಣಿಯವರ ನೊವೇನಕ್ಕೆ ಹೋಗಿಬರುವವರಿಗೆ ಇದು ತಡವಾಗುವ ದಿನ. ಒಂದು ಲೋಟ ಗೋಧಿನುಚ್ಚು, ಅರ್ಧ ಲೋಟ ಹೆಸರುಬೇಳೆಯನ್ನು ಬೆಳಿಗ್ಗೆಯೇ ಹುರಿದಿಡಿ. ಸಂಜೆ ಜೀರಿಗೆ, ಮೆಣಸು, ಶುಂಠಿಯ ಒಗ್ಗರಣೆ ಮಾಡಿ, ಕ್ಯಾರೆಟ್, ಬೀನ್ಸ್, ಬಟಾಣಿ, ಒಂದು ಟೊಮೆಟೊ ಬಾಡಿಸಿ, ಹುರಿದದ್ದನ್ನೂ ಉಪ್ಪು ಅರಿಸಿನವನ್ನೂ ನಾಲ್ಕೂವರೆ ಲೋಟ ನೀರನ್ನೂ ಹಾಕಿ ಮೂರು ಸೀಟಿ ಕೂಗಿಸಿದರೆ ಮುಗಿಯಿತು. ಜೊತೆಗೆ ಮೊಸರು, ಒಂದೆರಡು ಹೋಳು ಸೌತೆಕಾಯಿ. ತೊಳೆಯಬೇಕಾದ ಪಾತ್ರೆಯೂ ಒಂದೇ.

ಬುಧವಾರ, ಮೊಳಕೆ ಹೆಸರುಕಾಳಿನ ಸಾರು: ಸೋಮವಾರ ರಾತ್ರಿ ಕಾಳು ನೆನೆಹಾಕಿ, ಮಂಗಳವಾರ ಬೆಳಿಗ್ಗೆ ನೀರು ಬಸಿದು ತೇವದ ಬಟ್ಟೆಯಲ್ಲಿ ಕಟ್ಟಿಟ್ಟರೆ ಬುಧವಾರಕ್ಕೆ ಮೊಳಕೆ ಬಂದಿರುತ್ತದೆ. ಎರಡು ಲೋಟ ಮೊಳಕೆಕಾಳು, ಒಂದಿಷ್ಟು ತರಕಾರಿ, ಭಾನುವಾರದ ಮಸಾಲೆ ಎರಡು ದೊಡ್ಡ ಚಮಚ, ಬೇಕಾದಷ್ಟು ನೀರು, ಉಪ್ಪು. ಒಂದು ಸೀಟಿ ಸಾಕು. ಇಳಿಸಿದ ಮೇಲೆ ನಿಂಬೆಹುಳಿ ಹಿಂಡಿ. ಅನ್ನಕ್ಕೂ ಚಪಾತಿಗೂ ಹೊಂದುತ್ತದೆ.

ಗುರುವಾರ, ಒಡೆದು ಹಾಕಿದ ಮೊಟ್ಟೆಸಾರು: ಮೂರು ದೊಡ್ಡ ಚಮಚ ಮಸಾಲೆಗೆ ಎರಡು ಲೋಟ ನೀರು, ಉಪ್ಪು ಹಾಕಿ ಕುದಿಸಿ. ಉರಿ ಸಣ್ಣದು ಮಾಡಿ, ಐದಾರು ಮೊಟ್ಟೆಗಳನ್ನು ಒಂದೊಂದಾಗಿ ಬಟ್ಟಲಿಗೆ ಒಡೆದು ನಿಧಾನವಾಗಿ ಸಾರಿಗೆ ಬಿಡಿ. ಕಲಕಬೇಡಿ. ಮುಚ್ಚಿ ಏಳೆಂಟು ನಿಮಿಷ ಬಿಟ್ಟರೆ ಮೊಟ್ಟೆ ಗಟ್ಟಿಯಾಗುತ್ತದೆ. ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಗುರುವಾರ ಹೋಗುವ ಕುಟುಂಬಗಳಿಗೆ ಮನೆ ಸೇರಿದ ಮೇಲೆ ಇಷ್ಟು ಮಾಡುವುದು ಕಷ್ಟವಲ್ಲ. ಒಂದು ಬಟ್ಟಲು ಕೋಸಂಬರಿ ಜೊತೆಗಿರಲಿ.

ಶುಕ್ರವಾರ, ಮೀನು ಅಥವಾ ಗಂಜಿ: ಕರಾವಳಿಯವರಿಗೆ ಬೂತಾಯಿ, ಬಂಗುಡೆ ಸುಲಭವಾಗಿ ಸಿಗುತ್ತವೆ. ಮಾರುವವರಿಂದಲೇ ಶುಚಿ ಮಾಡಿಸಿ ತಂದರೆ ಅರ್ಧ ಕೆಲಸ ಮುಗಿದಂತೆ. ಉಳಿದ ಮಸಾಲೆಗೆ ಹುಣಸೆರಸ ಸೇರಿಸಿ ಕುದಿಸಿ, ಮೀನು ಹಾಕಿ ಎಂಟು ಹತ್ತು ನಿಮಿಷ ಬೇಯಿಸಿ. ಆದರೆ ಒಂದು ಮಾತು. ಶುಕ್ರವಾರ ಮಾಂಸ ಬಿಡುವುದು ಪ್ರಭುವಿನ ಯಾತನೆಯನ್ನು ನೆನೆದು. ಮಾಂಸಕ್ಕಿಂತ ದುಬಾರಿಯಾದ ಮೀನನ್ನು ಸಾಲ ಮಾಡಿ ತಂದರೆ ಅಲ್ಲಿ ತಪಸ್ಸೇನು ಉಳಿಯಿತು? ಬಿಸಿ ಗಂಜಿ, ಹುರುಳಿ ಚಟ್ನಿ, ಒಂದು ಸೊಪ್ಪಿನ ಪಲ್ಯ ಇದ್ದರೂ ಅದು ಆರೋಗ್ಯಕರ ಊಟ. ಉಳಿದ ಹಣವನ್ನು ಬಡವರ ಪೆಟ್ಟಿಗೆಗೆ ಹಾಕಿದರೆ ಅದು ನಿಜವಾದ ಶುಕ್ರವಾರ.

ಶನಿವಾರ ಉಳಿದದ್ದನ್ನು ಬಳಸುವ ದಿನವಾಗಲಿ. ಐದು ಸಾವಿರ ಜನರಿಗೆ ಊಟವಿತ್ತ ಮೇಲೂ ಉಳಿದ ತುಂಡುಗಳು ಹಾಳಾಗದಂತೆ ಒಟ್ಟುಗೂಡಿಸಲು ಯೇಸುಸ್ವಾಮಿ ಶಿಷ್ಯರಿಗೆ ಅಪ್ಪಣೆಯಿತ್ತರು. ಮಿಕ್ಕ ಅನ್ನಕ್ಕೆ ಕಡಲೆಕಾಯಿ, ಬಟಾಣಿ, ಕ್ಯಾರೆಟ್ ತುರಿ ಹಾಕಿದ ಚಿತ್ರಾನ್ನ ಮಕ್ಕಳಿಗೆ ಪ್ರಿಯ. ಆದರೆ ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟು ಮತ್ತೆ ಬಿಸಿಮಾಡುವುದು ಹೊಟ್ಟೆಗೆ ಅಪಾಯ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಬಳಸಿ.

ಕೊನೆಗೆ ಉಳಿದವಳ ರಕ್ತ

ಕೊನೆಯಲ್ಲಿ ಉಣ್ಣುವವರಿಗೆ ಸಾಮಾನ್ಯವಾಗಿ ಸೊಪ್ಪು, ಕಾಳು, ಮೊಟ್ಟೆ ಉಳಿದಿರುವುದಿಲ್ಲ. ತಿಳಿಸಾರು, ಉಪ್ಪಿನಕಾಯಿ, ಅನ್ನ ಉಳಿದಿರುತ್ತದೆ. ಅದರ ಫಲ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ನಮ್ಮ ದೇವಾಲಯದ ಬೆಂಚಿನ ಮೇಲೆ ಕುಳಿತ ಸಹೋದರಿಯರಲ್ಲೂ ಬಹಳ ಮಂದಿಗೆ ಅದು ಇರಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು, ಸದಾ ಆಯಾಸ. ಇದನ್ನು ನಾವು 'ಅವಳಿಗೆ ವಯಸ್ಸಾಯಿತು' ಎಂದು ತಳ್ಳಿಹಾಕುತ್ತೇವೆ.

ರಕ್ತಹೀನತೆಗೆ ಕಾರಣಗಳು ಬೇರೆಯೂ ಇವೆ. ಆದ್ದರಿಂದ ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸುವುದು ಅಗತ್ಯ. ಆದರೆ ಊಟದಲ್ಲಿ ಈ ಮೂರನ್ನು ನೆನಪಿಡಿ. ಸೊಪ್ಪು ಕಾಳಿನ ಜೊತೆ ನಿಂಬೆ, ಟೊಮೆಟೊ, ನೆಲ್ಲಿಕಾಯಿ ಇದ್ದರೆ ಅವುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಕಾಫಿ, ಟೀ ಕುಡಿದರೆ ಅದು ಕಡಿಮೆಯಾಗುತ್ತದೆ. ಒಂದು ಗಂಟೆಯಾದರೂ ಬಿಡಿ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಪ್ಪಳ ಉಪ್ಪಿನಕಾಯಿಯಲ್ಲಿರುವ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಾಯಿಯ ತಟ್ಟೆಗೆ ಮೊದಲೇ ಪಾಲು ಹಾಕಿಡಿ.

ಎರಡನೆಯ ಪರಿಹಾರ: ಒಬ್ಬರ ಕೆಲಸ ಎಲ್ಲರದಾಗಲಿ

'ಅಡುಗೆ ಹೆಂಗಸರ ಕೆಲಸ' ಎನ್ನುವ ಸಹೋದರರು ದಯವಿಟ್ಟು ಸಂತ ಯೊವಾನ್ನರ ಶುಭಸಂದೇಶದ 21ನೆಯ ಅಧ್ಯಾಯವನ್ನು ಓದಬೇಕು. ರಾತ್ರಿಯೆಲ್ಲ ಬಲೆ ಬೀಸಿ ದಣಿದ ಶಿಷ್ಯರು ದಡಕ್ಕೆ ಬಂದಾಗ ಅಲ್ಲಿ ಕೆಂಡದ ಮೇಲೆ ಮೀನಿತ್ತು, ರೊಟ್ಟಿಯೂ ಇತ್ತು. ಪುನರುತ್ಥಾನ ಹೊಂದಿದ ಪ್ರಭುವೇ ಅವರನ್ನು ಊಟಕ್ಕೆ ಕರೆದು ತಮ್ಮ ಕೈಯಾರೆ ಬಡಿಸಿದರು. ಮರಣವನ್ನು ಜಯಿಸಿದವರಿಗೆ ಬೆಂಕಿಯ ಮುಂದೆ ಕೂರುವುದು ಅವಮಾನವಾಗಿ ತೋರಲಿಲ್ಲ. ದುಡಿದು ಬಂದವರಿಗೆ ಬಿಸಿ ಊಟ ಬೇಕು ಎಂಬುದು ಅವರಿಗೆ ತಿಳಿದಿತ್ತು. ನಿಮ್ಮ ಮನೆಯಾಕೆಯೂ ದುಡಿದು ಬಂದವಳೇ ಅಲ್ಲವೇ?

ಕೆಲಸವನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲು ಮನೆಗೆ ಬಂದವರು, ಗಂಡಾಗಲಿ ಹೆಣ್ಣಾಗಲಿ, ಅಕ್ಕಿ ಬೇಳೆ ತೊಳೆದಿಡಲಿ. ಹತ್ತು ವರ್ಷದ ಮಗು ಬಟಾಣಿ ಸುಲಿಯಬಲ್ಲದು, ಸೊಪ್ಪು ಬಿಡಿಸಬಲ್ಲದು, ತಟ್ಟೆ ನೀರು ಇಡಬಲ್ಲದು. ಹದಿನೈದರ ಮಗನಿಗೆ ಮೊಟ್ಟೆಸಾರು ಕಲಿಸಿ. ನಾಳೆ ಓದಿಗೋ ಕೆಲಸಕ್ಕೋ ಬೇರೆ ಊರಿಗೆ ಹೋದಾಗ ಅವನು ನಿಮ್ಮನ್ನು ನೆನೆಯುತ್ತಾನೆ. ಅಡುಗೆ ಮಾಡಿದವರು ಪಾತ್ರೆ ತೊಳೆಯಬಾರದು ಎಂಬುದು ಮನೆಯ ನಿಯಮವಾಗಲಿ. ಅಜ್ಜಿ ಸುಮ್ಮನೆ ಕೂರಲಾರರು. ಬೆಳ್ಳುಳ್ಳಿ ಬಿಡಿಸುತ್ತಾ ಮಕ್ಕಳಿಗೆ ಕಥೆ ಹೇಳಲಿ.

'ಅವರು ಮಾಡಿದರೆ ನನಗೆ ಸರಿಬರುವುದಿಲ್ಲ, ನಾನೇ ಮಾಡಿದರೆ ಬೇಗ' ಎನ್ನುವ ಸಹೋದರಿಯರಿಗೂ ಒಂದು ಮಾತು. ಮಗ ಹೆಚ್ಚಿದ ಬೀನ್ಸ್ ದಪ್ಪವಾಗಿರಬಹುದು, ಯಜಮಾನರು ಲಟ್ಟಿಸಿದ ಚಪಾತಿ ಭೂಪಟದಂತಿರಬಹುದು. ತಿನ್ನಿರಿ. ಮೆಚ್ಚಿಕೊಂಡು ತಿನ್ನಿರಿ. ಬಿಟ್ಟುಕೊಡುವುದನ್ನು ಕಲಿಯುವುದೂ ಮಾರ್ತಳ ಪಾಠದ ಒಂದು ಭಾಗ.

ಸೀಟಿ ಮುಗಿದ ಮೇಲೆ ಜಪಸರ

ಮೊದಲಿಗೆ ನೋಡಿದ ಮನೆಗೆ ಮರಳೋಣ. ಅಲ್ಲಿ ಅಡುಗೆಯೂ ಜಪಸರವೂ ಒಂದೇ ಹೊತ್ತಿಗೆ ನಡೆಯುತ್ತಿದ್ದವು. ಕ್ರಮವನ್ನು ಸ್ವಲ್ಪ ಬದಲಿಸಿದರೆ ಸಾಕು. ಎಲ್ಲರೂ ಕೈಜೋಡಿಸಿ ಅರ್ಧ ಗಂಟೆಯಲ್ಲಿ ಕುಕ್ಕರ್ ಏರಿಸಿ ಇಳಿಸಿ. ಕೊನೆಯ ಸೀಟಿಯಾದ ಮೇಲೆ ಒಲೆ ಆರಿಸಿ. ಒಳಗಿನ ಹಬೆ ತಾನಾಗಿ ಇಳಿಯಲು ಹೇಗೂ ಹತ್ತು ಹದಿನೈದು ನಿಮಿಷ ಬೇಕು. ಊಟ ಬಿಸಿಯಾಗಿಯೇ ಇರುತ್ತದೆ. ಐದು ರಹಸ್ಯಗಳ ಜಪಸರಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಈಗ ಒಲೆಯ ಮುಂದೆ ಯಾರೂ ಇಲ್ಲ. ತಾಯಿ ಮಕ್ಕಳ ಪಕ್ಕದಲ್ಲಿ ಕುಳಿತಿದ್ದಾಳೆ. ಒಂದು ರಹಸ್ಯವನ್ನು ಅವಳೇ ಮುನ್ನಡೆಸಲಿ. ಆಮೇಲೆ ಒಂದು ಒಗ್ಗರಣೆ, ಐದು ನಿಮಿಷ. ಬೇಕಾದ ಪಾತ್ರೆಗಳನ್ನೆಲ್ಲ ಊಟದ ಜಾಗಕ್ಕೇ ತಂದಿಟ್ಟುಕೊಂಡು ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. ಬೇಕಾದ್ದನ್ನು ಅವರವರೇ ಬಡಿಸಿಕೊಳ್ಳಲಿ.

ಆಗ ಟಿ.ವಿ. ಆರಿರಲಿ, ಮೊಬೈಲು ಬೇರೆ ಕೋಣೆಯಲ್ಲಿರಲಿ. ವಿಶ್ವಗುರು ಫ್ರಾನ್ಸಿಸ್‌ರವರು 2015ರ ನವೆಂಬರ್ 11ರಂದು ಭಕ್ತಾದಿಗಳಿಗೆ ನೀಡಿದ ಬೋಧನೆಯಲ್ಲಿ, ಒಟ್ಟಿಗೆ ಉಣ್ಣದ, ಅಥವಾ ಉಣ್ಣುವಾಗ ಮಾತನಾಡದೆ ಟಿ.ವಿ., ಫೋನು ನೋಡುವ ಕುಟುಂಬ ಕುಟುಂಬವೆನಿಸಿಕೊಳ್ಳುವುದು ಕಷ್ಟವೆಂದು ಎಚ್ಚರಿಸಿದ್ದರು. ಎಮ್ಮಾವುಸಿನ ದಾರಿಯಲ್ಲಿ ಜೊತೆಗೆ ನಡೆದರೂ ಗುರುತು ಸಿಗದ ಪ್ರಭುವನ್ನು ಆ ಇಬ್ಬರು ಶಿಷ್ಯರು ಗುರುತಿಸಿದ್ದು ಸಂಜೆಯ ಊಟಕ್ಕೆ ಕುಳಿತಾಗ. ಮಗಳ ಮುಖ ಬಾಡಿದೆ, ಯಜಮಾನರಿಗೆ ಕೆಲಸದಲ್ಲಿ ಏನೋ ತೊಂದರೆಯಾಗಿದೆ, ಹೆಂಡತಿಗೆ ಉಸಿರು ಹತ್ತುತ್ತಿದೆ ಎಂಬುದೂ ಎದುರುಬದುರು ಕುಳಿತು ಉಣ್ಣುವಾಗಲೇ ಕಾಣುತ್ತದೆ.

ಬಲಿಪೂಜೆಯಲ್ಲಿ ಎಲ್ಲರಿಗೂ ಪರಮಪ್ರಸಾದ ನೀಡುವ ಗುರುಗಳು ತಾವು ಸ್ವೀಕರಿಸದೆ ಹಾಗೇ ಇರುವುದಿಲ್ಲ. ಹಂಚುವವರೂ ಆ ಭೋಜನದ ಪಾಲುಗಾರರು. ಮನೆಯ ಭೋಜನದಲ್ಲೂ ಹಾಗೆಯೇ ಆಗಲಿ.

ಕುಟುಂಬದಲ್ಲಿ ಚರ್ಚಿಸಲು

1. ಕಳೆದ ವಾರ ಎಷ್ಟು ದಿನ ನಾವೆಲ್ಲರೂ, ಅಡುಗೆ ಮಾಡಿದವರೂ ಸೇರಿ, ಒಟ್ಟಿಗೆ ಕುಳಿತು ಉಂಡೆವು?

2. ನಮ್ಮ ರಾತ್ರಿಯ ಊಟದಲ್ಲಿ ಬಿಟ್ಟರೂ ನಡೆಯುವ ಕೆಲಸ ಯಾವುದು? ಇನ್ನೊಬ್ಬರು ವಹಿಸಿಕೊಳ್ಳಬಹುದಾದ ಕೆಲಸ ಯಾವುದು?

3. ನಮ್ಮ ಬೀದಿಯಲ್ಲಿ ಒಂಟಿಯಾಗಿ ಉಣ್ಣುವ ಹಿರಿಯರಿದ್ದಾರೆಯೇ? ವಾರದಲ್ಲಿ ಒಂದು ದಿನ ಅವರನ್ನು ನಮ್ಮೊಡನೆ ಊಟಕ್ಕೆ ಕರೆಯಬಹುದೇ?

ಈ ವಾರದ ಸಂಕಲ್ಪ

ಕನಿಷ್ಠ ಮೂರು ರಾತ್ರಿ, ಮನೆಯಲ್ಲಿ ಅಡುಗೆ ಮಾಡಿದವರು ಕುಳಿತುಕೊಳ್ಳುವ ತನಕ ಯಾರೂ ಮೊದಲ ತುತ್ತು ಎತ್ತದಿರೋಣ.

ಪ್ರಾರ್ಥನೆ

ಪ್ರಭು ಯೇಸುವೇ, ಬೆಥಾನಿಯದ ಮನೆಗೆ ಬಂದಂತೆ ನಮ್ಮ ಮನೆಗೂ ಬನ್ನಿ. ಈ ಅನ್ನವನ್ನೂ ಇದನ್ನು ಬೆಳೆದವರನ್ನೂ ಬೇಯಿಸಿದವರನ್ನೂ ಆಶೀರ್ವದಿಸಿ. ನಮ್ಮ ನಡುವೆ ದಣಿದವರನ್ನು ಗುರುತಿಸುವ ಕಣ್ಣು ಕೊಡಿ, ನೆರವಾಗುವ ಕೈ ಕೊಡಿ. ಇಂದು ರಾತ್ರಿ ಹಸಿದು ಮಲಗುವವರನ್ನು ನಾವು ಮರೆಯದಂತೆ ಮಾಡಿ. ಆಮೆನ್.